ಹಡಗಿಗೆ ಯಾವ ಊರು? ಕ್ರೂಸ್ ಪ್ರವಾಸದ ಕಾಣದ ಲೆಕ್ಕ

ಫ್ರಾನ್ಸಿನ ಕಾನ್ ನಗರ ಸಾವಿರಕ್ಕಿಂತ ಜಾಸ್ತಿ ಪ್ರಯಾಣಿಕರಿರುವ ಕ್ರೂಸ್ (ಮೋಜಿನ ಸಮುದ್ರ ಪ್ರವಾಸದ) ಹಡಗುಗಳಿಗೆ 2026ರ ಜನವರಿ 1ರಿಂದ ತನ್ನ ಬಂದರಿನಲ್ಲಿ ಜಾಗವಿಲ್ಲ ಎಂದಿದೆ. ಬಾರ್ಸಿಲೋನಾ ತನ್ನ 7 ಕ್ರೂಸ್ ಟರ್ಮಿನಲ್‌ಗಳನ್ನು 2030ರೊಳಗೆ 5ಕ್ಕೆ ಇಳಿಸಲು ಒಪ್ಪಿದೆ. ಗ್ರೀಸ್ 2025ರ ಜುಲೈನಿಂದ ಸ್ಯಾಂಟೊರಿನಿ, ಮಿಕೊನೊಸ್ ದ್ವೀಪಗಳಲ್ಲಿ ಇಳಿಯುವ ಕ್ರೂಸ್ ಪ್ರಯಾಣಿಕರಿಂದ ಸೀಸನ್‌ನಲ್ಲಿ ತಲೆಗೆ 20 ಯೂರೋ ವಸೂಲಿ ಮಾಡುತ್ತಿದೆ. ವೆನಿಸ್ ಅಂತೂ 2021ರಲ್ಲೇ ದೊಡ್ಡ ಹಡಗುಗಳನ್ನು ಊರ ನಡುವಿನ ಕಾಲುವೆಯಿಂದ ಹೊರಗೆ ಹಾಕಿತು.

ನಮ್ಮಲ್ಲಿ ಇದರ ಉಲ್ಟಾ. ಕೇಂದ್ರ ಸರ್ಕಾರ 2024ರ ಸೆಪ್ಟೆಂಬರ್ 30ರಂದು ಮುಂಬೈನಲ್ಲಿ ‘ಕ್ರೂಸ್ ಭಾರತ್ ಮಿಷನ್’ ಶುರು ಮಾಡಿತು. 2029ರೊಳಗೆ ಕ್ರೂಸ್ ಪ್ರಯಾಣಿಕರ ಸಂಖ್ಯೆಯನ್ನು ಎರಡು ಪಟ್ಟು ಮಾಡುವುದು ಅದರ ಗುರಿ. ಮರುವರ್ಷ ಮುಂಬೈನ ಬ್ಯಾಲಾರ್ಡ್ ಪಿಯರ್‌ನಲ್ಲಿ ಹೊಸ ಅಂತರರಾಷ್ಟ್ರೀಯ ಟರ್ಮಿನಲ್ ಉದ್ಘಾಟನೆಯಾಯಿತು. ಕ್ರೂಸ್ ಕಂಪನಿಗಳ ಒಕ್ಕೂಟದ ಲೆಕ್ಕದಲ್ಲಿ 2024ರಲ್ಲಿ ಜಗತ್ತಿನಾದ್ಯಂತ ಸುಮಾರು 3.46 ಕೋಟಿ ಜನ ಕ್ರೂಸ್ ಹತ್ತಿದ್ದಾರೆ. ಕೊರೊನಾಕ್ಕೆ ಮೊದಲಿದ್ದ ಸಂಖ್ಯೆಗಿಂತ ಇದು ಜಾಸ್ತಿ.

ಒಂದು ಕಡೆ ಬೇಡ ಎಂದು ಬಾಗಿಲು ಹಾಕುತ್ತಾರೆ, ಇನ್ನೊಂದು ಕಡೆ ಬನ್ನಿ ಎಂದು ರತ್ನಗಂಬಳಿ ಹಾಸುತ್ತಾರೆ. ನಡುವೆ ‘ಹಡಗಿನಲ್ಲಿ ನೂರಾರು ಜನಕ್ಕೆ ವಾಂತಿ-ಭೇದಿ’ ಅನ್ನುವ ಸುದ್ದಿ ಆಗಾಗ ಬರುತ್ತದೆ. ಹಾಗಾದರೆ ಕ್ರೂಸ್ ಅಪಾಯವಾ, ಅಲ್ಲವಾ?

ಹಡಗು ಮುಳುಗುವ ಭಯ ಇಟ್ಟುಕೊಂಡು ಈ ಪ್ರಶ್ನೆ ಕೇಳಿದರೆ ಉತ್ತರ ಸುಲಭ: ಅಂಥ ಅಪಾಯ ತೀರಾ ಕಡಿಮೆ. ನಿಜವಾದ ಅಪಾಯ ಬೇರೆ ಜಾಗದಲ್ಲಿದೆ. ಏನಾದರೂ ಎಡವಟ್ಟಾದಾಗ ಯಾರನ್ನು ಕೇಳಬೇಕು ಅನ್ನುವುದೇ ಗೊತ್ತಾಗದ ಹಾಗೆ ಈ ವ್ಯವಹಾರವನ್ನು ಕಟ್ಟಲಾಗಿದೆ. ಟಿಕೆಟ್ ಅಗ್ಗವಾಗಿ ಸಿಗುವುದಕ್ಕೂ ಅದೇ ಕಾರಣ.

ನಾಗಾಲ್ಯಾಂಡ್ ನಂಬರಿನ ಬಸ್ಸು

ಬೆಂಗಳೂರಿನಿಂದ ಹೊರಡುವ ಖಾಸಗಿ ಸ್ಲೀಪರ್ ಬಸ್ಸುಗಳ ನಂಬರ್ ಪ್ಲೇಟ್ ನೋಡಿ. ಎಷ್ಟೋ ಬಸ್ಸುಗಳಿಗೆ ನಾಗಾಲ್ಯಾಂಡ್ ನೋಂದಣಿ. ಆ ಬಸ್ಸು ಕೊಹಿಮಾ ಕಂಡಿರುವುದೇ ಅನುಮಾನ. ಅಲ್ಲಿ ತೆರಿಗೆ ಕಡಿಮೆ, ನಿಯಮ ಸಡಿಲ. ಅದಕ್ಕೆ ಅಲ್ಲಿನ ನಂಬರು.

ಕ್ರೂಸ್ ಕಂಪನಿಗಳು ಇದನ್ನೇ ದೇಶಗಳ ಮಟ್ಟದಲ್ಲಿ ಮಾಡುತ್ತವೆ. ಜಗತ್ತಿನ ಅತಿ ದೊಡ್ಡ ಕಂಪನಿ ಕಾರ್ನಿವಲ್. ಅದರ ಕಚೇರಿ ಅಮೆರಿಕದ ಮಯಾಮಿಯಲ್ಲಿ. ಆದರೆ 1970ರ ದಶಕದಲ್ಲಿ ಕಂಪನಿ ನೋಂದಣಿಯಾಗಿದ್ದು ಪನಾಮಾದಲ್ಲಿ. ರಾಯಲ್ ಕೆರಿಬಿಯನ್ ಕಚೇರಿಯೂ ಮಯಾಮಿಯಲ್ಲೇ. ನೋಂದಣಿ ಮಾತ್ರ ಆಫ್ರಿಕಾದ ಲೈಬೀರಿಯಾದಲ್ಲಿ. ನಾರ್ವೇಜಿಯನ್ ಹೆಸರಿನ ಕಂಪನಿಯ ಹೋಲ್ಡಿಂಗ್ ಸಂಸ್ಥೆ ನಾರ್ವೆಯಲ್ಲಿಲ್ಲ, ಬರ್ಮುಡಾದಲ್ಲಿದೆ! ಇನ್ನು ಹಡಗುಗಳ ಮೇಲೆ ಹಾರುವ ಬಾವುಟ ಬಹುತೇಕ ಬಹಾಮಾಸ್, ಪನಾಮಾ, ಮಾಲ್ಟಾದ್ದು.

ಬಾವುಟ ಸುಮ್ನೆ ಅಲಂಕಾರಕ್ಕಲ್ಲ. ವಿಶ್ವಸಂಸ್ಥೆಯ ಸಮುದ್ರ ಕಾನೂನಿನ ಪ್ರಕಾರ ಒಂದು ದೇಶದ ಅಧಿಕಾರ ಕರಾವಳಿಯಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್ ತನಕ ಪೂರ್ತಿ ನಡೆಯುತ್ತದೆ. ನಡುಗಡಲಿನಲ್ಲಿ ಹಡಗಿನ ಮೇಲೆ ನಡೆಯುವುದು ಬಾವುಟದ ದೇಶದ ಕಾನೂನು. ನೀವು ಸಿಂಗಾಪುರದಲ್ಲಿ ಬಹಾಮಾಸ್ ಬಾವುಟದ ಹಡಗು ಹತ್ತಿ, ಕ್ಯಾಪ್ಟನ್ ಇಟಲಿಯವನಾಗಿದ್ದು, ಪಕ್ಕದ ಕ್ಯಾಬಿನ್‌ನಲ್ಲಿ ಹುಬ್ಬಳ್ಳಿಯವರೇ ಇದ್ದರೂ, ಕಾನೂನಿನ ಕಣ್ಣಿಗೆ ನೀವು ಆ ಹೊತ್ತಿಗೆ ಬಹಾಮಾಸ್‌ನಲ್ಲಿದ್ದೀರಿ.

ಈ ಏರ್ಪಾಡಿನಿಂದ ಕಂಪನಿಗಳಿಗೆ ಎಷ್ಟು ಲಾಭ ಅನ್ನುವುದು ಒಮ್ಮೆ ನಷ್ಟವಾದಾಗ ಗೊತ್ತಾಯಿತು. 2020ರ ಮಾರ್ಚ್‌ನಲ್ಲಿ ಅಮೆರಿಕ ಸರ್ಕಾರ ಕೊರೊನಾ ಪರಿಹಾರವಾಗಿ ದೊಡ್ಡ ಉದ್ಯಮಗಳಿಗೆ ಸಾಲದ ನೆರವು ಕೊಟ್ಟಿತು. ಅದು ಅಮೆರಿಕದಲ್ಲಿ ನೋಂದಣಿಯಾದ ಕಂಪನಿಗಳಿಗೆ ಮಾತ್ರ ಎಂಬ ಷರತ್ತಿತ್ತು. ಮಯಾಮಿಯ ಕ್ರೂಸ್ ಕಂಪನಿಗಳು ಹೊರಗೆ ಉಳಿದವು. ತೆರಿಗೆ ಕಟ್ಟುವಾಗ ವಿದೇಶಿ ಆದವರು ನೆರವು ಕೇಳುವಾಗಲೂ ವಿದೇಶಿಯೇ ಆದರು.

ವಾಂತಿ-ಭೇದಿಯ ಸುದ್ದಿಯನ್ನು ಓದುವುದು ಹೇಗೆ

ಹಡಗಿನ ಕಾಯಿಲೆ ಎಂದರೆ ಹೆಚ್ಚಾಗಿ ನೊರೊವೈರಸ್. ಬೆರಳೆಣಿಕೆಯಷ್ಟು ವೈರಸ್ ಕಣಗಳು ಒಳಗೆ ಹೋದರೂ ಸಾಕು, ಒಂದೆರಡು ದಿನದಲ್ಲಿ ವಾಂತಿ ಶುರು. ಬಫೆ ಊಟದ ಸಾಲು ನೆನಪಿಸಿಕೊಳ್ಳಿ. ಅನ್ನದ ಸೌಟು ಒಂದೇ, ಹಿಡಿಯುವ ಕೈ ಮುನ್ನೂರು. ಸಾಲಿನ ಬಾಯಲ್ಲಿ ಸ್ಯಾನಿಟೈಸರ್ ಬಾಟಲಿ ಇಟ್ಟಿರುತ್ತಾರೆ. ಆದರೆ ಆಲ್ಕೋಹಾಲ್ ಸ್ಯಾನಿಟೈಸರ್ ಈ ವೈರಸ್ಸಿನ ಮೇಲೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಸೋಪು ಹಚ್ಚಿ ನೀರಲ್ಲಿ ಕೈ ತೊಳೆಯುವುದೇ ದಾರಿ.

ಇಲ್ಲಿ ಎರಡು ವಾದಗಳಿವೆ. ‘ಹಡಗುಗಳು ಕಾಯಿಲೆಯ ಗೂಡು’ ಎನ್ನುವವರು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಪಟ್ಟಿ ತೋರಿಸುತ್ತಾರೆ. 2024ರಲ್ಲಿ ಅದು ಹಡಗುಗಳಲ್ಲಿ ಹೊಟ್ಟೆಯ ಕಾಯಿಲೆ ಹರಡಿದ 18 ಪ್ರಕರಣ ದಾಖಲಿಸಿತು. 2025ರಲ್ಲಿ ಆ ಸಂಖ್ಯೆ 20 ದಾಟಿತು. ಕಂಪನಿಗಳು ಅದೇ ಕೇಂದ್ರದ ಇನ್ನೊಂದು ಮಾತು ಎತ್ತಿ ಹೇಳುತ್ತವೆ: ಅಮೆರಿಕದಲ್ಲಿ ವರದಿಯಾಗುವ, ನೊರೊವೈರಸ್ ಹರಡಿದ ಪ್ರಕರಣಗಳಲ್ಲಿ ಹಡಗಿನ ಪಾಲು ಬರೀ 1%. ಉಳಿದದ್ದು ವೃದ್ಧಾಶ್ರಮ, ಶಾಲೆ, ಹೋಟೆಲುಗಳಲ್ಲಿ.

ಎರಡೂ ನಿಜ. ಗೊಂದಲ ಹುಟ್ಟುವುದು ಎಣಿಸುವ ರೀತಿಯಲ್ಲಿ. ಅಮೆರಿಕದ ನಿಯಮದಲ್ಲಿ ಪ್ರಯಾಣಿಕರಲ್ಲಿ ಅಥವಾ ಸಿಬ್ಬಂದಿಯಲ್ಲಿ 3% ಜನಕ್ಕೆ ಕಾಯಿಲೆ ಬಂದರೆ ಹಡಗಿನ ಹೆಸರನ್ನು ಸಾರ್ವಜನಿಕವಾಗಿ ಹಾಕಲೇಬೇಕು. 4,000 ಪ್ರಯಾಣಿಕರಿದ್ದರೆ 120 ಜನ. ಮದುವೆ ಮನೆಯಲ್ಲಿ ಇಷ್ಟು ಜನಕ್ಕೆ ಹೊಟ್ಟೆ ಕೆಟ್ಟರೂ ಯಾರೂ ಸರ್ಕಾರಕ್ಕೆ ಬರೆದು ತಿಳಿಸುವುದಿಲ್ಲ. ಹಾಗಾಗಿ ಹಡಗಿನ ಸುದ್ದಿ ಮಾತ್ರ ದೊಡ್ಡದಾಗಿ ಕಾಣುತ್ತದೆ.

ಆದರೆ ಇದೇ ವಿಷಯಕ್ಕೆ ಇನ್ನೊಂದು ಮುಖ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಈ ಪಟ್ಟಿಗೆ ಬರುವುದು ಅಮೆರಿಕದ ಬಂದರುಗಳಿಗೆ ಬರುವ ಹಡಗುಗಳು ಮಾತ್ರ. ಸಿಂಗಾಪುರದಿಂದ ಫುಕೆಟ್‌ಗೆ, ಮುಂಬೈನಿಂದ ಗೋವಾಕ್ಕೆ ಹೋಗುವ ಹಡಗು ಆ ಲೆಕ್ಕದಲ್ಲೇ ಇಲ್ಲ. ಲೆಕ್ಕ ಇಡದ ಕಡೆ ಕಾಯಿಲೆ ಇಲ್ಲ ಅಂತ ಅರ್ಥವಲ್ಲ, ಅಲ್ವಾ?

ಹೊಟ್ಟೆಯ ಕಾಯಿಲೆಗಿಂತ ಗಂಭೀರವಾದದ್ದು ಬಂದರೆ ಬಂದರುಗಳೇ ಬಾಗಿಲು ಹಾಕುತ್ತವೆ. 2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ನಿಂತ ‘ಡೈಮಂಡ್ ಪ್ರಿನ್ಸೆಸ್’ ಹಡಗಿನ 3,711 ಜನರಲ್ಲಿ 712 ಜನಕ್ಕೆ ಕೊರೊನಾ ತಗುಲಿತು. 2022ರ ಜನವರಿಯಲ್ಲಿ ಮುಂಬೈನಿಂದ ಗೋವಾಕ್ಕೆ ಬಂದ ಹಡಗೊಂದರಲ್ಲಿ ಸುಮಾರು 2,000 ಜನರ ಪರೀಕ್ಷೆ ನಡೆದು 66 ಮಂದಿಗೆ ಸೋಂಕು ಕಂಡಿತು. ಹೊಸ ವರ್ಷಕ್ಕೆಂದು ಹೊರಟವರು ಗೋವಾ ನೋಡಿದ್ದು ಡೆಕ್ ಮೇಲಿನಿಂದ. ಕೊನೆಗೆ ಹಡಗು ಮುಂಬೈಗೇ ವಾಪಸ್ ಹೋಯಿತು.

ನಡುರಾತ್ರಿ ಎದೆನೋವು ಬಂದರೆ

‘ಐಕಾನ್ ಆಫ್ ದ ಸೀಸ್’ 2024ರಲ್ಲಿ ಓಡಾಟ ಶುರು ಮಾಡಿದ ಹಡಗು. 20 ಡೆಕ್. ತುಂಬಿದಾಗ 7,600 ಪ್ರಯಾಣಿಕರು, ಅವರ ಜೊತೆ 2,350 ಸಿಬ್ಬಂದಿ. ಸುಮಾರು 10,000 ಜನ. ನಮ್ಮ ಕಡೆಯ ಒಂದು ಹೋಬಳಿ ಊರು ನೀರ ಮೇಲೆ ತೇಲುತ್ತಿದೆ ಎಂದುಕೊಳ್ಳಿ.

ಊರಿಗೆ ತಕ್ಕ ದವಾಖಾನೆಯೂ ಇದೆ. ಸಾಮಾನ್ಯವಾಗಿ ಕೆಳಗಿನ ಡೆಕ್‌ನಲ್ಲಿ ಇರುತ್ತದೆ. ವೈದ್ಯರು, ನರ್ಸುಗಳು, ಇಸಿಜಿ, ಎಕ್ಸ್-ರೇ, ವೆಂಟಿಲೇಟರ್, ರಕ್ತ ಹೆಪ್ಪುಗಟ್ಟಿದ್ದನ್ನು ಕರಗಿಸುವ ಔಷಧಿ. ನಿಜ ಹೇಳಬೇಕೆಂದರೆ ನಮ್ಮ ಎಷ್ಟೋ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗಿಂತ ಚೆನ್ನಾಗಿಯೇ ಇರುತ್ತದೆ. ನಮ್ಮಲ್ಲಿ ಬಯಲು ಸೀಮೆಯಲ್ಲಿ 30,000 ಜನಕ್ಕೊಂದು ಕೇಂದ್ರ ಅನ್ನುವುದು ಲೆಕ್ಕ. ಹಾಗೆ ನೋಡಿದರೆ ಹಡಗೇ ವಾಸಿ.

ಆದರೆ ಹೋಬಳಿಯ ಆರೋಗ್ಯ ಕೇಂದ್ರದ ನಿಜವಾದ ಶಕ್ತಿ ಅದರೊಳಗಿಲ್ಲ. ಬಾಗಿಲಲ್ಲಿ ನಿಂತಿರುವ 108 ಆಂಬುಲೆನ್ಸ್‌ನಲ್ಲಿದೆ. ಎದೆನೋವು ಎಂದರೆ ಒಂದೆರಡು ಗಂಟೆಯಲ್ಲಿ ಜಿಲ್ಲಾಸ್ಪತ್ರೆ. ಹಡಗಿಗೆ ಆ ಬಾಗಿಲಿಲ್ಲ. ಹೆಲಿಕಾಪ್ಟರ್ ಬರಬೇಕೆಂದರೆ ಕರಾವಳಿ ಅದರ ಇಂಧನದ ಅಳತೆಯೊಳಗೆ ಇರಬೇಕು, ಗಾಳಿ ಅನುಕೂಲವಾಗಿರಬೇಕು. ಇಲ್ಲದಿದ್ದರೆ ಹಡಗೇ ದಿಕ್ಕು ಬದಲಿಸಿ ಹತ್ತಿರದ ಬಂದರಿಗೆ ಹೋಗಬೇಕು. ಅಲ್ಲಿ ಇಳಿಸಿದ ಮೇಲೆ ರೋಗಿಯೂ ಜೊತೆಗಿರುವವರೂ ಗುರುತಿಲ್ಲದ ದೇಶದಲ್ಲಿ, ವೀಸಾ ಇದೆಯೋ ಇಲ್ಲವೋ ಅನ್ನುವ ಚಿಂತೆಯಲ್ಲಿ. ಹಡಗು ಮುಂದೆ ಹೋಗಿಬಿಟ್ಟಿರುತ್ತದೆ.

ಬಿಲ್ಲು ಹಡಗಿನ ದವಾಖಾನೆಯಲ್ಲೇ ಶುರುವಾಗುತ್ತದೆ. ಊಟ, ತಿಂಡಿ, ಈಜುಕೊಳ ಎಲ್ಲ ಟಿಕೆಟ್‌ನಲ್ಲಿ ಬರುತ್ತದೆ. ಡಾಕ್ಟರ್ ಬರುವುದಿಲ್ಲ. ಅವರ ಫೀಸು ನಿಮ್ಮ ರೂಮಿನ ಖಾತೆಗೆ ಡಾಲರ್ ಲೆಕ್ಕದಲ್ಲಿ ಸೇರುತ್ತದೆ. ನಡುಗಡಲಿನಿಂದ ವಿಮಾನದಲ್ಲಿ ಸಾಗಿಸುವ ಹಾಗಾದರೆ ಹತ್ತಾರು ಸಾವಿರ ಡಾಲರ್. ಮಾಮೂಲಿ ಪ್ರವಾಸ ವಿಮೆಯಲ್ಲಿ ಇದು ಇದೆ ಎಂದುಕೊಳ್ಳುವವರು ಜಾಸ್ತಿ. ಪಾಲಿಸಿಯ ಪುಟ ತಿರುಗಿಸಿ ಕ್ರೂಸ್ ಮತ್ತು ವೈದ್ಯಕೀಯ ಸಾಗಾಟ ಎರಡೂ ಇವೆಯಾ ಎಂದು ಹೊರಡುವ ಮೊದಲೇ ನೋಡಬೇಕು. ಅಪ್ಪ-ಅಮ್ಮನ 60ನೇ ವರ್ಷದ ಶಾಂತಿಗೋ ಮದುವೆಯ 40ನೇ ವರ್ಷಕ್ಕೋ ಮಕ್ಕಳು ಕ್ರೂಸ್ ಟಿಕೆಟ್ ಉಡುಗೊರೆ ಕೊಡುವುದು ಈಗ ರೂಢಿಯಾಗುತ್ತಿದೆ. ಬಿಪಿ, ಶುಗರ್ ಇರುವ ವಯಸ್ಸದು. ಆ ಒಂದು ಪುಟ ಓದುವುದು ಉಡುಗೊರೆಯ ಭಾಗವೇ ಆಗಬೇಕು.

ಯಾವ ಪೊಲೀಸು, ಯಾವ ಕೋರ್ಟು

ಟಿಕೆಟ್ ಬುಕ್ ಮಾಡುವಾಗ ‘ಒಪ್ಪಿದ್ದೇನೆ’ ಎಂಬ ಚೌಕದ ಮೇಲೆ ಬೆರಳು ಒತ್ತುತ್ತೇವೆ. ಅದರ ಹಿಂದೆ ಸಣ್ಣ ಅಕ್ಷರದ ಹತ್ತಾರು ಪುಟ ಇರುತ್ತದೆ. ಅಮೆರಿಕದ ದೊಡ್ಡ ಕಂಪನಿಗಳ ಕರಾರಿನಲ್ಲಿ ಸಾಮಾನ್ಯವಾಗಿ ಕಾಣುವ ಷರತ್ತುಗಳು ಹೀಗಿವೆ: ಪೆಟ್ಟಾದರೆ 6 ತಿಂಗಳೊಳಗೆ ಬರವಣಿಗೆಯಲ್ಲಿ ತಿಳಿಸಬೇಕು, 1 ವರ್ಷದೊಳಗೆ ಕೇಸು ಹಾಕಬೇಕು, ಅದೂ ಕಂಪನಿ ಹೇಳಿದ ಊರಿನ ಕೋರ್ಟಿನಲ್ಲೇ ಹಾಕಬೇಕು. ಆ ಊರು ಬಹುತೇಕ ಮಯಾಮಿ.

ಇದು ನಡೆಯುತ್ತದಾ ಎಂಬ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟಿನ ತನಕ ಹೋಗಿತ್ತು. ದೇಶದ ವಾಯವ್ಯ ಮೂಲೆಯ ವಾಷಿಂಗ್ಟನ್ ರಾಜ್ಯದ ಮಹಿಳೆಯೊಬ್ಬರು ಮೆಕ್ಸಿಕೊ ಬಳಿ ಹಡಗಿನಲ್ಲಿ ಜಾರಿ ಬಿದ್ದರು. ತಮ್ಮ ಊರಲ್ಲೇ ಕೇಸು ಹಾಕಿದರು. ಕಂಪನಿ ‘ಟಿಕೆಟ್ ಹಿಂದೆ ಫ್ಲಾರಿಡಾ ಅಂತ ಬರೆದಿದೆ’ ಎಂದಿತು. ಫ್ಲಾರಿಡಾ ದೇಶದ ಇನ್ನೊಂದು ತುದಿ. 1991ರಲ್ಲಿ ಸುಪ್ರೀಂ ಕೋರ್ಟ್ ಕಂಪನಿಯ ಮಾತನ್ನೇ ಎತ್ತಿಹಿಡಿಯಿತು. ಕೋರ್ಟು ಕೊಟ್ಟ ಕಾರಣಗಳಲ್ಲಿ ಒಂದು ಗಮನಿಸಬೇಕಾದ್ದು: ಕೇಸುಗಳು ಒಂದೇ ಕಡೆ ನಡೆದರೆ ಕಂಪನಿಗೆ ಖರ್ಚು ಕಮ್ಮಿ, ಅದರಿಂದ ಟಿಕೆಟ್ ದರವೂ ಕಮ್ಮಿಯಾಗುತ್ತದೆ. ಅಂದರೆ ಅಗ್ಗದ ಟಿಕೆಟ್‌ಗೆ ಬದಲಾಗಿ ನಾವು ಏನನ್ನು ಬಿಟ್ಟುಕೊಡುತ್ತಿದ್ದೇವೆ ಎಂದು ಕೋರ್ಟೇ ಬಾಯಿಬಿಟ್ಟು ಹೇಳಿತು.

ಅಮೆರಿಕದವರಿಗೇ ಹೀಗಾದರೆ ದಾವಣಗೆರೆಯವರು ಮಯಾಮಿಗೆ ಹೋಗಿ ಕೇಸು ನಡೆಸುವುದುಂಟೇ? ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು ಎನ್ನುತ್ತದೆ. ಇಲ್ಲಿ ಟಿಕೆಟ್ ಮಾರಿದ ಏಜೆಂಟರ ವಿರುದ್ಧ ಅದು ಒಳ್ಳೆಯ ಅಸ್ತ್ರವೇ. ಪನಾಮಾದಲ್ಲಿ ನೋಂದಣಿಯಾದ, ಇಲ್ಲಿ ಕಚೇರಿಯೇ ಇಲ್ಲದ ಕಂಪನಿಯಿಂದ ದುಡ್ಡು ವಸೂಲಿ ಮಾಡುವುದು ಬೇರೆಯೇ ಕಥೆ.

ಸಾವಿನ ಲೆಕ್ಕ ಇನ್ನೂ ಕಟು. ಅಮೆರಿಕದಲ್ಲಿ 1920ರ ಒಂದು ಕಾಯ್ದೆ ಈಗಲೂ ಚಾಲ್ತಿಯಲ್ಲಿದೆ. ನಡುಗಡಲಿನಲ್ಲಿ ಹಡಗಿನವರ ತಪ್ಪಿನಿಂದ ಯಾರಾದರೂ ಸತ್ತರೆ ಕುಟುಂಬಕ್ಕೆ ಸಿಗುವುದು ಹಣದ ರೂಪದಲ್ಲಿ ಆದ ನಷ್ಟ ಮಾತ್ರ. ದುಡಿಯುವ ಮನುಷ್ಯ ಸತ್ತರೆ ಅವನ ಸಂಪಾದನೆ ಲೆಕ್ಕಕ್ಕೆ ಬರುತ್ತದೆ. ನಿವೃತ್ತರು, ಪುಟ್ಟ ಮಕ್ಕಳು ಸತ್ತರೆ? ಅಂತ್ಯಕ್ರಿಯೆಯ ಖರ್ಚಿಗಿಂತ ಹೆಚ್ಚೇನೂ ಉಳಿಯುವುದಿಲ್ಲ. ಸಂಕಟಕ್ಕೆ ಬೆಲೆ ಇಲ್ಲ. ವಿಮಾನ ಅಪಘಾತದಲ್ಲಿ ಸತ್ತವರ ಕುಟುಂಬಗಳಿಗಾಗಿ 2000ದಲ್ಲಿ ಈ ಕಾಯ್ದೆ ತಿದ್ದಿದರು. ಹಡಗಿನವರನ್ನು ಹಾಗೇ ಬಿಟ್ಟರು. ಯುರೋಪಿನಲ್ಲಿ ಪರಿಸ್ಥಿತಿ ವಾಸಿ. ಅಲ್ಲಿ ಒಪ್ಪಿರುವ ಅಥೆನ್ಸ್ ಒಪ್ಪಂದ ಕಂಪನಿ ಕಡ್ಡಾಯ ವಿಮೆ ಮಾಡಿಸಿರಬೇಕು ಎನ್ನುತ್ತದೆ. ನಿಮ್ಮ ಹಕ್ಕು ಎಷ್ಟು ಅನ್ನುವುದು ನೀವು ಯಾರು ಎಂಬುದಕ್ಕಿಂತ ಹಡಗು ಎಲ್ಲಿಂದ ಹೊರಟಿತು, ಅದರ ಬಾವುಟ ಯಾವುದು ಎಂಬುದರ ಮೇಲೆ ನಿಂತಿದೆ.

ಅಪರಾಧದ ವಿಷಯದಲ್ಲೂ ಇದೇ ಕಥೆ. ಅಮೆರಿಕ 2010ರಲ್ಲಿ ಕಾಯ್ದೆ ಮಾಡಿ ಕ್ಯಾಬಿನ್ ಬಾಗಿಲಿಗೆ ಇಣುಕುಗಂಡಿ ಇರಬೇಕು, ಡೆಕ್‌ನ ಕಂಬಿ 42 ಇಂಚು ಎತ್ತರ ಇರಬೇಕು, ಲೈಂಗಿಕ ದೌರ್ಜನ್ಯ ನಡೆದರೆ ಸಾಕ್ಷ್ಯ ಸಂಗ್ರಹದ ಕಿಟ್ ಹಡಗಿನಲ್ಲೇ ಇರಬೇಕು, ಗಂಭೀರ ಅಪರಾಧಗಳನ್ನು ಅಲ್ಲಿನ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐಗೆ ತಿಳಿಸಬೇಕು ಎಂದಿತು. ಅಂಕಿಅಂಶಗಳು ಸಾರ್ವಜನಿಕವಾಗಿ ಸಿಗುತ್ತವೆ. ಇದೂ ಅಮೆರಿಕದ ಬಂದರಿಗೆ ಬರುವ ಹಡಗುಗಳಿಗೆ ಮಾತ್ರ. ನಮ್ಮ ಭಾರತೀಯ ನ್ಯಾಯ ಸಂಹಿತೆ ಭಾರತದ ಪ್ರಜೆ ಜಗತ್ತಿನಲ್ಲಿ ಎಲ್ಲೇ ಅಪರಾಧ ಮಾಡಿದರೂ ಅನ್ವಯಿಸುತ್ತದೆ. ಆದರೆ ಅಪರಾಧಿ ಬೇರೆ ದೇಶದವನು, ಹಡಗು ಬೇರೆ ದೇಶದ್ದು, ಜಾಗ ನಡುಗಡಲು ಎಂದಾಗ, ಅನ್ಯಾಯವಾದವರು ಭಾರತೀಯರು ಎಂಬ ಒಂದೇ ಕಾರಣಕ್ಕೆ ನಮ್ಮ ಪೊಲೀಸರು ಕೈ ಹಾಕುವುದು ಸುಲಭವಲ್ಲ.

ದೊಡ್ಡ ಅಪಘಾತ ಅಪರೂಪ ಎಂದು ಮೊದಲೇ ಹೇಳಿದೆವು. ಆದದ್ದು ನೆನಪಲ್ಲಿ ಉಳಿಯುವಂಥದ್ದು. 2012ರ ಜನವರಿ 13ರ ರಾತ್ರಿ ಇಟಲಿಯ ಜಿಗ್ಲಿಯೊ ದ್ವೀಪದ ಬಳಿ ‘ಕೋಸ್ಟಾ ಕಾಂಕೋರ್ಡಿಯಾ’ ಬಂಡೆಗೆ ಬಡಿದು ವಾಲಿತು. 32 ಜನ ಸತ್ತರು. ಎಲ್ಲರೂ ಇಳಿಯುವ ಮೊದಲೇ ಹಡಗು ಬಿಟ್ಟ ಕ್ಯಾಪ್ಟನ್‌ಗೆ 16 ವರ್ಷ ಜೈಲಾಯಿತು. ಅವತ್ತು ಹಡಗು ಹತ್ತಿದ್ದ ನೂರಾರು ಜನಕ್ಕೆ ಲೈಫ್ ಜಾಕೆಟ್ ಹಾಕಿಕೊಂಡು ಎಲ್ಲಿ ಸೇರಬೇಕೆಂಬ ಕವಾಯತೇ ಆಗಿರಲಿಲ್ಲ. 24 ಗಂಟೆಯೊಳಗೆ ಮಾಡಿದರೆ ಸಾಕು ಅಂತ ಆಗಿನ ನಿಯಮ ಇತ್ತು. ಈಗ ಹೊರಡುವ ಮೊದಲು ಅಥವಾ ಹೊರಟ ತಕ್ಷಣವೇ ಮಾಡಬೇಕು. ಎಲ್ಲರ ನಂತರ ಸಿಕ್ಕಿದ ಶವ ಒಬ್ಬ ಭಾರತೀಯ ವೇಟರ್‌ನದು, 2014ರ ನವೆಂಬರ್‌ನಲ್ಲಿ.

ಅಗ್ಗದ ಟಿಕೆಟ್, ಉದ್ದದ ಬಿಲ್ಲು

ಹಣದ ವಿಷಯ ಬೇಗ ಹೇಳಿ ಮುಗಿಸಬಹುದು. ಕಾರ್ನಿವಲ್ ಕಂಪನಿಯ ಆದಾಯದಲ್ಲಿ ಸುಮಾರು ಮೂರನೇ ಒಂದು ಪಾಲು ಟಿಕೆಟ್‌ನಿಂದ ಬರುವುದಿಲ್ಲ. ಹಡಗು ಹತ್ತಿದ ಮೇಲೆ ಮದ್ಯ, ಕ್ಯಾಸಿನೊ, ಸ್ಪಾ, ವೈಫೈ, ಫೋಟೊ, ದಡದ ಟೂರುಗಳಿಂದ ಬರುತ್ತದೆ. ಟಿಕೆಟ್ ಅನ್ನುವುದು ಒಳಗೆ ಕರೆದುಕೊಳ್ಳುವ ದರ ಅಷ್ಟೇ. ಒಳಗೆ ನೋಟು ನಡೆಯುವುದಿಲ್ಲ. ರೂಮಿನ ಕಾರ್ಡನ್ನೇ ಎಲ್ಲದಕ್ಕೂ ತೋರಿಸಬೇಕು. ಕೈಯಿಂದ ದುಡ್ಡು ಜಾರುವುದು ಕಾಣದ ಕಾರಣ ಖರ್ಚು ಜಾಸ್ತಿಯಾಗುತ್ತದೆ. ಅಮೆರಿಕದ ಹಡಗುಗಳಲ್ಲಿ ತಲೆಗೆ ದಿನಕ್ಕೆ 16ರಿಂದ 20 ಡಾಲರ್ ಟಿಪ್ಸ್ ತಾನಾಗಿಯೇ ಖಾತೆಗೆ ಬೀಳುತ್ತದೆ. ನಾಲ್ಕು ಜನರ ಕುಟುಂಬ, ಏಳು ರಾತ್ರಿ ಎಂದರೆ ಕಡಿಮೆಯೆಂದರೂ 448 ಡಾಲರ್! ಇನ್ನೊಂದು ಕಿವಿಮಾತು: ನಡುಗಡಲಿನಲ್ಲಿ ಫೋನು ಹಡಗಿನ ಸ್ಯಾಟಲೈಟ್ ನೆಟ್‌ವರ್ಕ್ ಹಿಡಿದುಕೊಳ್ಳುತ್ತದೆ. ಮಾಮೂಲಿ ರೋಮಿಂಗ್ ಪ್ಯಾಕ್‌ನಲ್ಲಿ ಅದು ಬರದೇ ಇರಬಹುದು. ಏರ್‌ಪ್ಲೇನ್ ಮೋಡ್ ಹಾಕುವುದೇ ವಾಸಿ.

ದಡದಲ್ಲಿ ಸುತ್ತಾಡಲು ಹಡಗಿನವರ ಟೂರು ದುಬಾರಿ ಎಂದು ಹೊರಗಿನ ಏಜೆನ್ಸಿ ಹಿಡಿಯುವವರಿದ್ದಾರೆ. ತಪ್ಪೇನಿಲ್ಲ. ಆದರೆ ಹೊರಗಿನ ಟೂರಿನವರು ತಡ ಮಾಡಿದರೆ ಹಡಗು ಕಾಯಬೇಕೆಂಬ ನಿಯಮವಿಲ್ಲ. 2024ರ ಮಾರ್ಚ್‌ನಲ್ಲಿ ಆಫ್ರಿಕಾದ ಪಶ್ಚಿಮ ಕರಾವಳಿಯಾಚೆಗಿನ ಸಾವೊ ತೊಮೆ ದ್ವೀಪದಲ್ಲಿ 8 ಪ್ರವಾಸಿಗರು ಹೀಗೇ ಉಳಿದುಬಿಟ್ಟರು. ದೇಶದಿಂದ ದೇಶಕ್ಕೆ ಹಡಗಿನ ಬೆನ್ನುಹತ್ತಿ ಕೊನೆಗೆ ಸೆನೆಗಲ್‌ನ ಡಕಾರ್‌ನಲ್ಲಿ ಹಿಡಿದರು.

ಹೊದಿಕೆ ಮಡಚುವ ಕೈ

ಮಂಗಳೂರು, ಉಡುಪಿ, ಕಾರವಾರದ ಕಡೆ ‘ಶಿಪ್ಪಲ್ಲಿದ್ದಾನೆ’ ಎಂದರೆ ಬಿಡಿಸಿ ಹೇಳಬೇಕಾಗಿಲ್ಲ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಕ್ರೂಸ್ ಸೇರಿದ ಹುಡುಗರು ಬೀದಿಗೊಬ್ಬರು ಸಿಗುತ್ತಾರೆ. ಪ್ರಯಾಣಿಕರ ಟವೆಲನ್ನು ಆನೆ, ಹಂಸದ ಆಕಾರಕ್ಕೆ ಮಡಚಿ ಹಾಸಿಗೆ ಮೇಲೆ ಇಡುವ ಕೈ ಹೆಚ್ಚಾಗಿ ಭಾರತ, ಫಿಲಿಪ್ಪೀನ್ಸ್, ಇಂಡೊನೇಷ್ಯಾದ್ದು.

ಕಾಂಟ್ರಾಕ್ಟ್ 6ರಿಂದ 9 ತಿಂಗಳು. ವಾರದ ರಜೆ ಎನ್ನುವುದೇ ಇಲ್ಲ. ಕಡಲ ಕಾರ್ಮಿಕರ 2006ರ ಅಂತರರಾಷ್ಟ್ರೀಯ ಒಪ್ಪಂದ ದಿನಕ್ಕೆ 14 ಗಂಟೆ, ವಾರಕ್ಕೆ 72 ಗಂಟೆ ಮೀರಬಾರದು ಎನ್ನುತ್ತದೆ. ಗಮನಿಸಿ, ಇದು ರಕ್ಷಣೆಗೆಂದು ಹಾಕಿದ ಗೆರೆ! ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯಲ್ಲಿ ಒಪ್ಪಿತವಾದ ನಾವಿಕರ ಕನಿಷ್ಠ ಮೂಲ ವೇತನ 2025ರಲ್ಲಿ ತಿಂಗಳಿಗೆ 673 ಡಾಲರ್ ಇತ್ತು. ಮಯಾಮಿಯ ಹೋಟೆಲಿನಲ್ಲಿ ಈ ಸಂಬಳಕ್ಕೆ ಯಾರನ್ನೂ ಇಟ್ಟುಕೊಳ್ಳಲು ಅಲ್ಲಿನ ಕಾನೂನು ಬಿಡುವುದಿಲ್ಲ. ಅದೇ ಊರಿನಿಂದ ಹೊರಡುವ ಹಡಗಿನಲ್ಲಿ ಬಿಡುತ್ತದೆ, ಬಾವುಟ ಬೇರೆ ದೇಶದ್ದಾದ ಕಾರಣಕ್ಕೆ.

ಹಾಗೆಂದು ಇದನ್ನು ಸುಲಿಗೆ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಿದರೆ ಶಿಪ್ಪಿಗೆ ಹೋದವರೇ ಒಪ್ಪುವುದಿಲ್ಲ. ಊಟ, ವಸತಿ ಫ್ರೀ. ಟಿಪ್ಸ್ ಸೇರಿದರೆ ಊರಲ್ಲಿ ಸಿಗುವ ಸಂಬಳದ ಹಲವು ಪಟ್ಟು. ಮನೆ ಕಟ್ಟಿದ್ದು, ತಂಗಿಯ ಮದುವೆ ಮಾಡಿದ್ದು ಇದೇ ದುಡ್ಡಿನಲ್ಲಿ. ತೊಂದರೆ ಶುರುವಾಗುವುದು ಕಷ್ಟ ಬಂದಾಗ. ಡೈಮಂಡ್ ಪ್ರಿನ್ಸೆಸ್‌ನಲ್ಲಿದ್ದ 138 ಭಾರತೀಯರಲ್ಲಿ 132 ಮಂದಿ ಸಿಬ್ಬಂದಿ. ಪ್ರಯಾಣಿಕರನ್ನು ಕ್ಯಾಬಿನ್ ಒಳಗಿರಿಸಿದ ದಿನಗಳಲ್ಲಿ ಬಾಗಿಲು ಬಾಗಿಲಿಗೆ ಊಟ ಹೊತ್ತವರು ಇವರೇ. ಕ್ವಾರಂಟೈನ್ ಇವರಿಗೆ ಇರಲಿಲ್ಲ, ಕೆಲಸ ಇತ್ತು.

ಮೋಸ ದಡದಲ್ಲೂ ಇದೆ. ಕೆಲಸ ಕೊಡಿಸುತ್ತೇವೆ ಎಂದು ಲಕ್ಷಗಟ್ಟಲೆ ಕೀಳುವ ಏಜೆಂಟರಿದ್ದಾರೆ. ಅದೇ 2006ರ ಒಪ್ಪಂದದ ಪ್ರಕಾರ ನೇಮಕಾತಿಗೆ ಹುಡುಗರಿಂದ ಕಮಿಷನ್ ತೆಗೆದುಕೊಳ್ಳುವ ಹಾಗಿಲ್ಲ. ಏಜೆನ್ಸಿಗೆ ಕೇಂದ್ರ ಸರ್ಕಾರದ ಹಡಗು ಮಹಾನಿರ್ದೇಶನಾಲಯದ ‘ಆರ್‌ಪಿಎಸ್ಎಲ್’ ಎಂಬ ನೇಮಕಾತಿ ಪರವಾನಗಿ ಇರಬೇಕು. ನಂಬರು ಕೇಳಿ ಮಹಾನಿರ್ದೇಶನಾಲಯದ ಪಟ್ಟಿಯಲ್ಲಿ ಇದೆಯಾ ಎಂದು ನೋಡಲು ಹತ್ತು ನಿಮಿಷ ಸಾಕು.

12 ಮೈಲಿ ಆಚೆ

ಹತ್ತು ಸಾವಿರ ಜನರ ಊರಿನ ಕೊಳಚೆ ಎಲ್ಲಿಗೆ ಹೋಗುತ್ತದೆ? ಅಂತರರಾಷ್ಟ್ರೀಯ ನಿಯಮದ ಪ್ರಕಾರ ಕರಾವಳಿಯಿಂದ 12 ನಾಟಿಕಲ್ ಮೈಲಿ ದಾಟಿದ ಮೇಲೆ ಶುದ್ಧೀಕರಿಸದ ಶೌಚದ ನೀರನ್ನೂ ಸಮುದ್ರಕ್ಕೆ ಬಿಡಬಹುದು. ಹಡಗು ನಿಂತಿರದೆ ಒಂದಿಷ್ಟು ವೇಗದಲ್ಲಿ ಚಲಿಸುತ್ತಿರಬೇಕು, ನಿಧಾನವಾಗಿ ಬಿಡಬೇಕು, ಅಷ್ಟೇ. ಬಾಲ್ಟಿಕ್ ಸಮುದ್ರದಲ್ಲಿ ಪ್ರಯಾಣಿಕ ಹಡಗುಗಳಿಗೆ ಇದನ್ನು ನಿಷೇಧಿಸಿದ್ದಾರೆ. ಹೊಸ ಹಡಗುಗಳಲ್ಲಿ ಒಳ್ಳೆಯ ಶುದ್ಧೀಕರಣ ಘಟಕ ಇದೆ ಎಂದು ಕಂಪನಿಗಳು ಹೇಳುತ್ತವೆ. ಅದೂ ಸುಳ್ಳಲ್ಲ.

ಪ್ರಶ್ನೆ ಇರುವುದು ನಡುಗಡಲಿನಲ್ಲಿ ನೋಡುವವರು ಯಾರು ಎಂಬುದು. 2013ರಲ್ಲಿ ಪ್ರಿನ್ಸೆಸ್ ಕಂಪನಿಯ ಒಂದು ಹಡಗಿನಲ್ಲಿ ಹೊಸದಾಗಿ ಸೇರಿದ ಎಂಜಿನಿಯರ್ ಒಬ್ಬನ ಕಣ್ಣಿಗೆ ಕಳ್ಳ ಪೈಪು ಬಿತ್ತು. ಎಣ್ಣೆ ಬೆರೆತ ನೀರನ್ನು ಅಳತೆಯ ಯಂತ್ರಕ್ಕೆ ಗೊತ್ತಾಗದಂತೆ ಸಮುದ್ರಕ್ಕೆ ಬಿಡುವ ಪೈಪದು. ಬ್ರಿಟನ್ನಿನ ಸೌತಾಂಪ್ಟನ್‌ನಲ್ಲಿ ಹಡಗು ನಿಂತಾಗ ಆತ ಕೆಲಸ ಬಿಟ್ಟು ಅಧಿಕಾರಿಗಳಿಗೆ ತಿಳಿಸಿದ. 2016ರಲ್ಲಿ ಕಂಪನಿ ತಪ್ಪೊಪ್ಪಿಕೊಂಡು 4 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿತು. ನ್ಯಾಯಾಲಯದ ನಿಗಾ ಇರುವಾಗಲೇ ಷರತ್ತು ಮುರಿದದ್ದಕ್ಕೆ 2019ರಲ್ಲಿ ಮಾತೃಸಂಸ್ಥೆ ಕಾರ್ನಿವಲ್‌ಗೆ ಮತ್ತೆ 2 ಕೋಟಿ ಡಾಲರ್, 2022ರಲ್ಲಿ ಇನ್ನೊಂದು 10 ಲಕ್ಷ ಡಾಲರ್ ದಂಡ ಬಿತ್ತು. ಆ ಕಳ್ಳ ಪೈಪಿನ ವಿಷಯ ಹೊರಬಂದದ್ದು ಯಾವ ತಪಾಸಣೆಯಿಂದಲೂ ಅಲ್ಲ, ಒಬ್ಬ ನೌಕರ ಬಾಯಿಬಿಟ್ಟದ್ದರಿಂದ.

ಬೆಳಿಗ್ಗೆ ಬಂದು ಸಂಜೆ ಹೋಗುವ ಅತಿಥಿ

ಈಗ ಮೊದಲಿನ ಗೊಂದಲಕ್ಕೆ ವಾಪಸ್ ಬರೋಣ. ಯುರೋಪಿನ ಊರುಗಳು ಯಾಕೆ ಬೇಡ ಎನ್ನುತ್ತಿವೆ, ನಾವು ಯಾಕೆ ಬನ್ನಿ ಎನ್ನುತ್ತಿದ್ದೇವೆ?

ಸೀಸನ್‌ನಲ್ಲಿ ನವಮಂಗಳೂರು ಬಂದರಿಗೆ ವಿದೇಶಿ ಕ್ರೂಸ್ ಬಂದ ದಿನವನ್ನು ನೋಡಿ. ಬೆಳಿಗ್ಗೆ ಹಡಗು ನಿಲ್ಲುತ್ತದೆ. ಚೆಂಡೆಯ ಸ್ವಾಗತ, ಯಕ್ಷಗಾನದ ವೇಷದ ಜೊತೆ ಫೋಟೊ. ಬಸ್ಸುಗಳು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕುದ್ರೋಳಿ ದೇವಸ್ಥಾನ, ಅಲೋಶಿಯಸ್ ಚಾಪೆಲ್, ಗೇರುಬೀಜದ ಫ್ಯಾಕ್ಟರಿ ಸುತ್ತಿಸುತ್ತವೆ. ಸಂಜೆಗೆ ಎಲ್ಲರೂ ಹಡಗಿನಲ್ಲಿ. ಮಲಗಲು ರೂಮು ಬೇಕಿಲ್ಲ, ರಾತ್ರಿ ಊಟ ಬೇಕಿಲ್ಲ, ಎರಡೂ ಹಡಗಿನಲ್ಲೇ ಕಾಸು ಕೊಟ್ಟಾಗಿದೆ. ಊರಿಗೆ ಉಳಿಯುವುದು ಬಂದರು ಶುಲ್ಕ, ಬಸ್ಸು-ಟ್ಯಾಕ್ಸಿ-ಗೈಡ್ ಬಾಡಿಗೆ, ಒಂದಿಷ್ಟು ಶಾಪಿಂಗ್. ಸೀಸನ್‌ಗೆ ಕೆಲವೇ ಹಡಗು ಬರುವ ಊರಿಗೆ ಇದು ನಿಜಕ್ಕೂ ಲಾಭ, ತೊಂದರೆ ಏನೂ ಇಲ್ಲ. ಬಾರ್ಸಿಲೋನಾದಲ್ಲಿ ಇದೇ ದೃಶ್ಯ ಒಂದೇ ದಿನ ನಾಲ್ಕೈದು ದೊಡ್ಡ ಹಡಗುಗಳಿಂದ ನಡೆಯುತ್ತದೆ. ಆಗ ಗಲ್ಲಿ ತುಂಬುತ್ತದೆ, ಜೇಬು ತುಂಬುವುದಿಲ್ಲ. ಇಬ್ಬರೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿಯೇ. ಅವರು ದಾರಿಯ ಕೊನೆಯಲ್ಲಿದ್ದಾರೆ, ನಾವು ಮೊದಲಲ್ಲಿದ್ದೇವೆ.

ಕಂಪನಿಗಳನ್ನು ಕರೆಯಲು ಭಾರತ ಒಂದು ರಿಯಾಯಿತಿಯನ್ನೂ ಕೊಟ್ಟಿದೆ. 2024ರ ಜುಲೈ ಬಜೆಟ್‌ನಲ್ಲಿ ತಂದ ನಿಯಮದ ಪ್ರಕಾರ ವಿದೇಶಿ ಕ್ರೂಸ್ ಕಂಪನಿ ಪ್ರಯಾಣಿಕರನ್ನು ಸಾಗಿಸಿ 100 ರೂಪಾಯಿ ಗಳಿಸಿದರೆ, ಅದರಲ್ಲಿ 20 ರೂಪಾಯಿ ಮಾತ್ರ ಲಾಭ ಎಂದು ಹಿಡಿಯುತ್ತಾರೆ. ವಿದೇಶಿ ಕಂಪನಿಗೆ 35% ತೆರಿಗೆ. ಅಂದರೆ ಮೂಲ ತೆರಿಗೆ 7 ರೂಪಾಯಿ. ಸರ್ಕಾರದ ವಾದ ಸರಳ: ಲೆಕ್ಕಪತ್ರದ ಜಗಳ ತಪ್ಪುತ್ತದೆ, ಹಡಗು ಬರುತ್ತದೆ. ಹಡಗೇ ಬರದಿದ್ದರೆ ಆ 7 ರೂಪಾಯಿಯೂ ಇಲ್ಲ.

ಮುಂದೇನಾಗಬಹುದು? ಮೆಡಿಟರೇನಿಯನ್‌ನಲ್ಲಿ ಬಾಗಿಲು ಸಣ್ಣದಾದಷ್ಟೂ ಹಡಗುಗಳು ಹೊಸ ಬಂದರು ಹುಡುಕುತ್ತವೆ. ಇಲ್ಲವೇ ತಾವೇ ಬಂದರು ಕಟ್ಟುತ್ತವೆ. ಬಹಾಮಾಸ್‌ನಲ್ಲಿ ರಾಯಲ್ ಕೆರಿಬಿಯನ್‌ಗೆ ಕೊಕೊಕೇ ಎಂಬ ಖಾಸಗಿ ದ್ವೀಪವೇ ಇದೆ. ಕಾರ್ನಿವಲ್ 2025ರ ಜುಲೈನಲ್ಲಿ ಅಲ್ಲೇ ‘ಸೆಲೆಬ್ರೇಷನ್ ಕೀ’ ಎಂಬ ತನ್ನದೇ ತಾಣ ತೆರೆಯಿತು. ಅಲ್ಲಿ ಎಳನೀರು ಮಾರುವವನೂ ಕಂಪನಿಯ ಒಪ್ಪಿಗೆ ಪಡೆದೇ ನಿಲ್ಲಬೇಕು.

ಅಲಾಸ್ಕಾದ ಜೂನೋ ಮೂವತ್ತು ಸಾವಿರ ಚಿಲ್ಲರೆ ಜನರ ಊರು. ಬೇಸಿಗೆಯಲ್ಲಿ ಅದರ ಬೀದಿಗೆ ದಿನಕ್ಕೆ ಊರಿನ ಅರ್ಧದಷ್ಟು ಜನ ಹಡಗಿನಿಂದ ಇಳಿಯುತ್ತಾರೆ. 2024ರ ಅಕ್ಟೋಬರ್‌ನಲ್ಲಿ ‘ಶನಿವಾರ ದೊಡ್ಡ ಹಡಗೇ ಬೇಡ’ ಎಂಬ ಪ್ರಸ್ತಾವ ಮತಕ್ಕೆ ಬಂತು. ಅಂಗಡಿಯವರೂ ಗೈಡುಗಳೂ ಹೊಟ್ಟೆಪಾಡಿನ ಮಾತಾಡಿದರು. ಪ್ರಸ್ತಾವ ಬಿದ್ದುಹೋಯಿತು. ಅಷ್ಟರಲ್ಲಿ ನಗರಸಭೆ ಕಂಪನಿಗಳ ಜೊತೆ ಕೂತು ಬೇರೆ ಒಪ್ಪಂದ ಮಾಡಿಕೊಂಡಾಗಿತ್ತು: 2026ರಿಂದ ದಿನಕ್ಕೆ 16,000 ಪ್ರಯಾಣಿಕರು, ಶನಿವಾರ 12,000, ಅದಕ್ಕಿಂತ ಜಾಸ್ತಿ ಇಲ್ಲ.